ಒಂದಾದ ಮೇಲೆ ಹತ್ತು

ಎಂಬತ್ತರ ದಶಕದ ಕೊನೆಯಲ್ಲಿ ಹೊಸನಗರದ ಒಂದು ಕಚೇರಿಯಲ್ಲಿ ನಾನು ತಾತ್ಕಾಲಿಕ ನೌಕರನಾಗಿದ್ದೆ. ಮುಳುಗಡೆಯಾದ ಊರುಗಳವರಿಗೆ ಮನೆ ಕಟ್ಟಲು ನಿವೇಶನ ಹಂಚುವುದು ಕಚೇರಿಯ ಕೆಲಸ. ಅಲ್ಲಿಗೊಂದು ಕಂಪ್ಯೂಟರ್ ಬಂತು. ಆಯುಧಪೂಜೆಗೆ ಇನ್ನೂ ಎರಡು ತಿಂಗಳಿದ್ದರೂ ಅದಕ್ಕೆ ಕುಂಕುಮ ಬಿತ್ತು. ಸಾಗರದಲ್ಲಿ ಟೈಪಿಂಗ್ ಪಾಸು ಮಾಡಿದವನು ಎಂಬ ಒಂದೇ ಕಾರಣಕ್ಕೆ ಅದನ್ನು ನನ್ನ ಕೊರಳಿಗೆ ಕಟ್ಟಿದರು.

ಅರ್ಜಿದಾರರು ನೂರ ಇಪ್ಪತ್ತು ಮಂದಿ. ಮೊದಲು ಅರ್ಜಿ ಕೊಟ್ಟವರಿಗೆ ಮೊದಲ ಆಯ್ಕೆ ಎಂದು ಸಾಹೇಬರು ಸಾರಿದ್ದರು. ಅರ್ಜಿ ಬಂದ ಕ್ರಮದಲ್ಲಿ ನಂಬರು ಕೊಟ್ಟಿದ್ದೆವು; ಒಬ್ಬೊಬ್ಬರ ನಂಬರಿಗೂ ಕಂಪ್ಯೂಟರಿನೊಳಗೆ ಒಂದೊಂದು ಖಾನೆ ಮಾಡಬೇಕು. ಅದಕ್ಕೆ ಡೈರೆಕ್ಟರಿ ಎನ್ನುತ್ತಿದ್ದೆವು. ಹನ್ನೆರಡು ಮಾಡುವಷ್ಟರಲ್ಲಿ ನನಗೆ ಸಾಕಾಯಿತು. ಪುಸ್ತಕ ನೋಡಿ ನಾಲ್ಕಾರು ಸಾಲು ಆಜ್ಞೆ ಬರೆದೆ. ಎಂಟರ್ ಒತ್ತಿದ್ದೇ ತಡ, ಉಳಿದ ಖಾನೆಗಳೆಲ್ಲ ತಾವಾಗಿಯೇ ತಯಾರಾದವು. ಅವನ್ನು ಕ್ರಮವಾಗಿ ಜೋಡಿಸಿ ಪಟ್ಟಿ ಮುದ್ರಿಸಲು ಇನ್ನೊಂದು ಸಾಲು ಸೇರಿಸಿದೆ. ಪಟ್ಟಿಯ ತಲೆಯಲ್ಲಿ ಒಂದನೇ ನಂಬರು ಇತ್ತು. ಅದರಾಚೆ ನಾನು ನೋಡಲಿಲ್ಲ. ಸಾಹೇಬರು ಬೆನ್ನು ತಟ್ಟಿ, ನನ್ನನ್ನು ಕಾಯಂ ಮಾಡಲು ಮೇಲಕ್ಕೆ ಬರೆಯುತ್ತೇನೆ ಎಂದರು.

ಹಂಚುವ ದಿನ ತೀರ್ಥಹಳ್ಳಿ ರಸ್ತೆಯ ಬಯಲಿನಲ್ಲಿ ಎಲ್ಲರೂ ಸೇರಿದರು. ಅಲ್ಲಿದ್ದದ್ದು ಒಂದೇ ಬಾವಿ, ಅದರ ಸುತ್ತ ಹತ್ತೇ ನಿವೇಶನ. ಒಂಬತ್ತನೇ ನಂಬರಿನ ಹೆಂಗಸು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಗಂಡ ಹಾಸಿಗೆ ಹಿಡಿದಿದ್ದ. ನೀರು ಹೊರುವವಳು ಅವಳೊಬ್ಬಳೇ. ಬಾವಿ ಪಕ್ಕದ ಜಾಗಕ್ಕಾಗಿಯೇ ಮೊದಲ ಬಸ್ಸಿಗೆ ಬಂದು ಅರ್ಜಿ ಕೊಟ್ಟಿದ್ದೆ ಎಂದು ನನಗೆ ಎರಡು ಸಲ ಹೇಳಿದಳು.

ಸಾಹೇಬರು ಪಟ್ಟಿ ಹಿಡಿದು ಕೂಗತೊಡಗಿದರು. ಒಂದು. ಹತ್ತು. ನೂರು. ನೂರಾ ಒಂದು.

ನಾನು ಸಾಹೇಬರ ಹೆಗಲ ಮೇಲಿಂದ ಪಟ್ಟಿಯನ್ನು ಇಣುಕಿ ನೋಡಿದೆ. ಯಂತ್ರ ಅಂಕಿಗಳನ್ನು ನಿಘಂಟಿನ ಪದಗಳ ಹಾಗೆ ಜೋಡಿಸಿತ್ತು: 1ರಿಂದ ಶುರುವಾಗುವುದೆಲ್ಲ ಮೊದಲು, 2ರದ್ದು ಆಮೇಲೆ. ಒಂಬತ್ತು ಹೋಗಿ ನೂರ ಹತ್ತನೆಯ ಸಾಲಿನಲ್ಲಿ ಕೂತಿತ್ತು. ನಾನು 9ನ್ನು 009, 10ನ್ನು 010 ಎಂದು ಎಲ್ಲವನ್ನೂ ಮೂರಂಕಿಯಲ್ಲಿ ಬರೆಸಿದ್ದರೆ ಸಾಕಿತ್ತು.

“ಇದೆಂತದು? ಒಂದಾದ್ಮೇಲೆ ಹತ್ತಾ?” ಎಂದು ಅವಳು ಸಾಹೇಬರನ್ನು ಕೇಳಿದಳು.

“ಕಂಪ್ಯೂಟರ್ ಮಾಡಿದ್ದಮ್ಮಾ. ಅದು ತಪ್ಪು ಮಾಡಲ್ಲ.”

ಅವಳು ನನ್ನ ಕಡೆ ತಿರುಗಿದಳು. “ಹೌದಾ ಮಾರಾಯ್ರೆ?”

ಕಾಯಂ ಆಗಲಿರುವ ಕೆಲಸ ನೆನಪಾಯಿತು. “ಹೌದು, ಅದರ ಕ್ರಮವೇ ಹಾಗೆ” ಎಂದೆ.

“ಆಯ್ತು ಬಿಡಿ. ನೀವು ಓದ್ದೋರು” ಎಂದು ಅವಳು ಹಿಂದೆ ಸರಿದು ನಿಂತಳು. ಸಂಜೆಗೆ ಅವಳ ಪಾಲಿಗೆ ಉಳಿದದ್ದು ದಿಬ್ಬದ ಮೇಲಿನ ಜಾಗ. ಪ್ರತಿ ಕೊಡಕ್ಕೂ ಇಳಿದು ಹತ್ತಬೇಕು. ನಾನು ಮಾಡಿದ್ದು ಅನ್ಯಾಯ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಮರುವಾರ ನೂರನೇ ನಂಬರಿನವನು ಕಚೇರಿಗೆ ಬಂದ. ತಡವಾಗಿ ಅರ್ಜಿ ಕೊಟ್ಟರೂ ಬಾವಿ ಪಕ್ಕವೇ ಸಿಕ್ಕಿತಲ್ಲ ಎಂದು ನನ್ನ ಮೇಜಿನ ಮೇಲೆ ಒಂದು ಬಾಳೆಗೊನೆ ಇಟ್ಟ. ಬೇಡವೆಂದರೆ ಕಾರಣ ಹೇಳಬೇಕಾಗುತ್ತಿತ್ತು. ಮನೆಗೆ ಒಯ್ದೆ.