ನೂರೆಂಬತ್ತೆಂಟು ಟನ್ನಿನ ಇಲಿ

“ಅಮ್ಮಾ, ನಾಣಿ ತಾತ ಯಾಕೆ ಒಂದು ಕೈನ ಇನ್ನೊಂದು ಕೈಲಿ ಹಿಡ್ಕೊಂಡೇ ಕೂತಿರ್ತಾರೆ?”

ಲಾವಣ್ಯ ಇದನ್ನು ಕೇಳಿದ್ದು ಬೆಳಿಗ್ಗೆ ಏಳೂವರೆಗೆ, ಜಡೆ ಹಾಕಿಸಿಕೊಳ್ಳುವಾಗ. ಶಾಲೆಯ ವ್ಯಾನು ಬರಲು ಹತ್ತು ನಿಮಿಷವಿತ್ತು. ಸ್ಪೂರ್ತಿ ಬಾಯಲ್ಲಿ ಕಚ್ಚಿಕೊಂಡಿದ್ದ ರಬ್ಬರ್ ಬ್ಯಾಂಡ್ ತೆಗೆದು, “ಚಳಿ ಇರಬೇಕು. ತಲೆ ಅಲ್ಲಾಡಿಸಬೇಡ” ಅಂದಳು.

“ಚಳಿ ಆದ್ರೆ ಕೈ ಉಜ್ಜಿಕೊಳ್ತಾರೆ. ತಾತ ಹಿಡ್ಕೊಳ್ತಾರೆ. ಬೆಕ್ಕಿನ ಮರಿ ಓಡಿಹೋಗ್ದೇ ಇರ್ಲಿ ಅಂತ ಹಿಡ್ಕೊಳ್ತೀವಲ್ಲ, ಹಂಗೆ.”

ವ್ಯಾನು ಬಂತು, ಹೋಯಿತು. ಸ್ಪೂರ್ತಿ ಮಾತ್ರ ಬಾಗಿಲಲ್ಲೇ ನಿಂತು ಎದುರು ಮನೆಯ ಬಾಗಿಲು ನೋಡಿದಳು. ದಿನಕ್ಕೆ ಎರಡು ಸಲ ಒಳಗೆ ಹೋಗಿ ಬರುವ ಮನೆ. ಆರು ವರ್ಷದ ಹುಡುಗಿಯ ಕಣ್ಣಿಗೆ ಬಿದ್ದದ್ದು ತನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಾಣಿ ಎಂದರೆ ನಾರಾಯಣ ರಾಯರು. ಪೀಣ್ಯ ಎರಡನೇ ಹಂತದ ಆ ನಾಲ್ಕು ಮಹಡಿ ಕಟ್ಟಡದಲ್ಲಿ ಅವರನ್ನು ರಾಯರೇ ಎಂದು ಕರೆಯುವವರು ಯಾರೂ ಇಲ್ಲ. ವಾಚ್‌ಮನ್ ಕೃಷ್ಣಪ್ಪನಿಗೂ ಅವರು ನಾಣಿ ಸಾರ್. ಹದಿನೇಳಕ್ಕೆ ಯಂತ್ರ ಮಾಡುವ ಸರ್ಕಾರಿ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿ, ಅರವತ್ತಕ್ಕೆ ಅಲ್ಲಿನ ಟೂಲ್ ರೂಮಿನಿಂದ ನಿವೃತ್ತರಾದವರು. ಬೇರೆ ವಿಭಾಗದವರಿಗೆ ಬೇಕಾದ ಅಚ್ಚು, ಅಳತೆ, ಹಿಡಿಕೆಗಳನ್ನೆಲ್ಲ ಮಾಡಿಕೊಡುವ ಜಾಗ ಅದು. ಅಲ್ಲಿ ತಲೆಗೂದಲ ದಪ್ಪದ ತಪ್ಪು ದೊಡ್ಡ ತಪ್ಪು.

ಅದೇ ಕಾರ್ಖಾನೆಯಲ್ಲಿ ಅವರ ಹೆಂಡತಿ ಪಂಕಜಾ ಇನ್‌ಸ್ಪೆಕ್ಷನ್‌ನಲ್ಲಿದ್ದರು. ತಯಾರಾದ ಪ್ರತಿ ಸಾಮಾನನ್ನೂ, ಅಲ್ಲಿನವರ ಮಾತಲ್ಲಿ ‘ಜಾಬ್’ ಅನ್ನು, ಅಳೆದು ನೋಡಿ, ಸರಿ ಇದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವ ಕೆಲಸ. “ನನ್ನ ಮೇಜಿಗೆ ಬಂದ ಇವರ ಮೊದಲನೇ ಜಾಬೇ ನಾನು ವಾಪಸ್ ಕಳಿಸಿದ್ದು. ಜಗಳ ಆಡೋಕೆ ಬಂದ್ರು. ಬಂದವರು ಹೋಗಲೇ ಇಲ್ಲ” ಎಂದು ಪಂಕಜಾ ಸೊಪ್ಪು ಬಿಡಿಸುತ್ತಾ ಹೇಳುವುದುಂಟು.

ನಿವೃತ್ತಿಯಾದ ಮೇಲೆ ಆರು ತಿಂಗಳು ನಾಣಿ ಮನೆಯ ಬಾಗಿಲುಗಳ ಕೀಲನ್ನೆಲ್ಲ ಬಿಚ್ಚಿ ಜೋಡಿಸಿದರು. ಚೆನ್ನಾಗಿದ್ದ ಮಿಕ್ಸಿ ರಿಪೇರಿ ಮಾಡಿದರು. ಆಮೇಲೊಂದು ದಿನ ಹಳೇ ಪುಸ್ತಕದ ಅಂಗಡಿಯಿಂದ ದಪ್ಪನೆಯ ಜರ್ಮನ್ ಪುಸ್ತಕವೊಂದನ್ನು ಬಗಲಲ್ಲಿಟ್ಟುಕೊಂಡು ಬಂದರು. ತುಂಬ ಎರಡನೇ ಮಹಾಯುದ್ಧದ ಟ್ಯಾಂಕುಗಳ ನಕ್ಷೆ. “ನಿಮಗೆ ಜರ್ಮನ್ ಎಲ್ಲಿ ಬರುತ್ತೆ?” ಎಂದು ಪಂಕಜಾ ಕೇಳಿದ್ದಕ್ಕೆ, “ಭಾಷೆ ಬರಲ್ಲ ಕಣೇ, ಡ್ರಾಯಿಂಗ್ ಬರುತ್ತೆ” ಅಂದರಂತೆ. ಬಾಲ್ಕನಿಗೆ ಗಾಜು ಹಾಕಿಸಿ, ಮೇಜೊಂದನ್ನು ಇಟ್ಟುಕೊಂಡು, ಪೀಣ್ಯದ ಗುಜರಿ ಅಂಗಡಿಗಳಲ್ಲಿ ತೂಕಕ್ಕೆ ಸಿಗುವ ಹಿತ್ತಾಳೆ ತುಂಡುಗಳನ್ನು ತಂದು ಕೂತರು.

ಮೊದಲು ಇ-ನೂರು ಎನ್ನುವ ಟ್ಯಾಂಕಿನ ಪುಟ್ಟ ಮಾದರಿ ಮಾಡಿದರು. ಆಮೇಲೆ ರಾಟ್ಟೆ. ಹಾಗೆಂದರೆ ಹೆಗ್ಗಣವಂತೆ, ಸಾವಿರ ಟನ್ನಿನದು, ಕಾಗದದ ಮೇಲೇ ಉಳಿದದ್ದು. ಅದನ್ನು ಮೂವತ್ತೈದನೇ ಒಂದು ಅಳತೆಗೆ ಮಾಡಿದರೆ ಒಂದು ಮೀಟರ್ ಉದ್ದ ಆಗುತ್ತಿತ್ತು. “ಅದು ಬರೋದಾದ್ರೆ ನಾನು ಎಲ್ಲಿಗೆ ಹೋಗ್ಲಿ?” ಎಂದು ಪಂಕಜಾ ಕೇಳಿದ್ದರಿಂದ ನೂರನೇ ಒಂದಕ್ಕೆ ಇಳಿಯಿತು. ಈಗ ಮೂರು ವರ್ಷದಿಂದ ನಡೆಯುತ್ತಿರುವುದು ಮೌಸ್. ಹಾಗೆಂದರೆ ಇಲಿ. ನಿಜವಾದದ್ದು ನೂರೆಂಬತ್ತೆಂಟು ಟನ್ ತೂಗುತ್ತಿತ್ತು; ಮಾಡಿದ್ದು ಎರಡೇ. ನಾಣಿಯವರದ್ದು ಒಂದಡಿಗೆ ಒಂದು ಬೆರಳು ಕಮ್ಮಿ, ಐದು ಕಿಲೋ. ಅದರ ಎರಡು ಚೈನುಗಳಿಗೇ ನೂರಾರು ಕೊಂಡಿ, ಒಂದೊಂದು ಕೊಂಡಿಗೂ ಸೂಜಿಯಂಥ ಪಿನ್ನು. ಬೆರಳಲ್ಲಿ ತಳ್ಳಿದರೆ ಚೈನು ನಿಜವಾದದ್ದರ ಹಾಗೆ ಸುತ್ತಬೇಕು. ಸುತ್ತದಿದ್ದರೆ ಅದು ಆಟದ ಸಾಮಾನು ಎನ್ನುವುದು ಅವರ ಲೆಕ್ಕ.

ಸ್ಪೂರ್ತಿಯ ಗಂಡ ವೀರೇಶ್ ಒಮ್ಮೆ ಕೇಳಿದ್ದ, “ಅಂಕಲ್, ಹೋಗಿ ಹೋಗಿ ಆ ನಾಜಿಗಳ ಟ್ಯಾಂಕೇ ಬೇಕಿತ್ತಾ?”

“ಗುಂಡು ಹೊಡೆದಿದ್ದು ಒಂದನ್ನೂ ನಾನು ಮುಟ್ಟಲ್ಲಪ್ಪ” ಅಂದಿದ್ದರು ನಾಣಿ. “ಇವು ತಮ್ಮ ಭಾರಕ್ಕೆ ತಾವೇ ಕೂತವು. ಸೇತುವೆ ಮೇಲೆ ಹೋದ್ರೆ ಸೇತುವೆ ಮುರೀತಿತ್ತು. ಯಾರನ್ನೂ ಕೊಲ್ಲೋಕೆ ಆಗಲಿಲ್ಲ. ಆದ್ರೆ ಒಳಗಿನ ಗೇರು ನೋಡು, ಯಾವನೋ ಒಬ್ಬ ಫಿಟ್ಟರ್ ಕೂತು ಕಡಿದಿದಾನೆ. ಯಾರ ಹೆದರಿಕೆಗೆ ಕಡಿದನೋ ಪಾಪ. ಕೆಲಸ ಮಾತ್ರ ಚೊಕ್ಕ.” ಅವರು ಟ್ಯಾಂಕಿನ ಮೇಲೆ ಆ ಸೈನ್ಯದ ಶಿಲುಬೆ ಗುರುತು ಬರೆಯುವುದಿಲ್ಲ. ಆ ಜಾಗದಲ್ಲಿ ಟೂಲ್ ರೂಮಿನ ಗೆಳೆಯನೊಬ್ಬನ ಹಾಜರಿ ಟೋಕನ್ನಿನ ನಂಬರು ಬರೆಯುತ್ತಾರೆ.

ಮುಗಿದ ಟ್ಯಾಂಕು ಆಯುಧಪೂಜೆಯ ದಿನ ಸುತ್ತಿಗೆ, ಅರ, ವರ್ನಿಯರ್‌ಗಳ ಜೊತೆ ಮಣೆಯ ಮೇಲೆ ಕೂರಬೇಕು. ಅದಕ್ಕೆ ಮುಂಚೆ ಪಂಕಜಾ ಕನ್ನಡಕ ಹಾಕಿಕೊಂಡು ಪುಸ್ತಕದ ನಕ್ಷೆಗೆ ಹಿಡಿದು ಅಳೆಯಬೇಕು. ಕಾರ್ಖಾನೆಯಲ್ಲಿ ಒಂದು ಸಲ ಕಸಕ್ಕೆ ಹಾಕಿದ್ದ ಚೀಟಿಯ ಎರಡು ಕಟ್ಟುಗಳನ್ನು ಅವರು ಎತ್ತಿಟ್ಟುಕೊಂಡು ಬಂದಿದ್ದರು, ಒಂದು ಹಸಿರು, ಒಂದು ಕೆಂಪು. ರಾಟ್ಟೆಗೆ ಮೊದಲು ಕೆಂಪು ಬಿದ್ದಿತ್ತು. ನಾಣಿ ಎರಡು ದಿನ ಮಾತು ಬಿಟ್ಟು, ಮೂರನೇ ದಿನ ತಿದ್ದಿಕೊಟ್ಟಿದ್ದರು.

ಅವತ್ತು ಹನ್ನೊಂದು ಗಂಟೆಗೆ ಸ್ಪೂರ್ತಿ ಡಬ್ಬಿಯಲ್ಲಿ ಮಂಡಕ್ಕಿ ಗಿರಮಿಟ್ ಹಾಕಿಕೊಂಡು ಎದುರು ಮನೆಗೆ ಹೋದಳು. ಪಂಕಜಾ ತರಕಾರಿಗೆ ಹೋಗಿದ್ದರು. ಬಾಲ್ಕನಿಯಲ್ಲಿ ಮೌಸ್ ಬಣ್ಣ ಬಳಿಸಿಕೊಂಡು ಕೂತಿತ್ತು, ಒಣಗಿದ ಕೆಸರಿನ ಬಣ್ಣ.

“ಮುಗೀತಲ್ರೀ ಅಂಕಲ್” ಅಂದಳು.

“ಎಲ್ಲಿ ಮುಗೀತು. ಚೈನು ಕಚ್ಚಿಕೊಂಡಿದೆ.” ಅವರು ಎಡಗೈ ಬೆರಳಲ್ಲಿ ತಳ್ಳಿದರು. ಅಲುಗಲಿಲ್ಲ. “ಬಣ್ಣ ದಪ್ಪ ಆಯ್ತು. ಕೊಂಡಿ ಸಂದಿಗೆ ಇಳಿದು ಕೂತಿದೆ.”

“ಬಣ್ಣ ಊದೋ ಮಷೀನಿತ್ತಲ್ಲ ನಿಮ್ಮ ಹತ್ರ?”

“ಬ್ರಷ್ಷಲ್ಲೇ ಹೊಡೆದೆ.” ಅವರು ಮುಖ ಪಕ್ಕಕ್ಕೆ ತಿರುಗಿಸಿದರು. “ಗೆರೆ ನೆಟ್ಟಗೆ ಬರಲಿಲ್ಲ, ಅದರ ಮೇಲೊಂದು ಕೈ ಹೊಡೆದೆ. ಅದೂ ಬರಲಿಲ್ಲ, ಇನ್ನೊಂದು.”

ಪಿನ್ನು ತೆಗೆದು ತೋರಿಸಲು ಚಿಮಟ ಎತ್ತಿಕೊಂಡರು. ಚಿಮಟದ ತುದಿ ಕೊಂಡಿಯ ಹತ್ತಿರ ಹೋದದ್ದೇ ತಡ, ಅದು ಹಲ್ಲಿ ಬಾಲದ ಹಾಗೆ ಕುಣಿಯತೊಡಗಿತು. ಪಕ್ಕದಲ್ಲಿದ್ದ ಪಿನ್ನಿನ ಬಟ್ಟಲಿಗೆ ತಾಗಿತು. ನೂರಾರು ಪಿನ್ನು ಟೈಲ್ಸಿನ ಮೇಲೆ ಚೆಲ್ಲಿಹೋದವು. ನಾಣಿ ಬಲಗೈಯನ್ನು ಎಡಗೈಯಲ್ಲಿ ಹಿಡಿದು ತೊಡೆಯ ಮೇಲೆ ಅದುಮಿಕೊಂಡರು. ಲಾವಣ್ಯ ಹೇಳಿದ ಹಾಗೆಯೇ, ಬೆಕ್ಕಿನ ಮರಿಯನ್ನು ಹಿಡಿದಂತೆ.

ಸ್ಪೂರ್ತಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ತನ್ನ ಮನೆಗೆ ಹೋಗಿ, ಫ್ರಿಜ್ಜಿಗೆ ಅಂಟಿಸಿದ್ದ ಲಾವಣ್ಯಳ ಅಯಸ್ಕಾಂತದ ಅಕ್ಷರಗಳಲ್ಲಿ ಎರಡನ್ನು ಕಿತ್ತು ತಂದು, ನೆಲದ ಮೇಲೆ ಕೂತು ಆಡಿಸಿದಳು. ಉಕ್ಕಿನ ಪಿನ್ನುಗಳು ಗಡ್ಡದ ಹಾಗೆ ಅಂಟಿಕೊಂಡು ಬಂದವು. ಬಟ್ಟಲು ತುಂಬಿದ ಮೇಲೆ ನಾಣಿ ಮಾತಾಡಿದರು.

“ಯುಗಾದಿಯಿಂದ ಹೀಗಮ್ಮ. ಪಂಕಜಂಗೆ ಹೇಳಬೇಡ.”

“ಡಾಕ್ಟರಿಗೆ ತೋರಿಸಿದ್ರಾ?”

“ತೋರಿಸಿದ್ರೆ, ಇನ್ನು ಈ ಕೈ ಇಷ್ಟೇ ಅಂದ್ಬಿಟ್ರೆ? ಇಲಿ ಒಂದು ಮುಗೀಲಿ. ಆಮೇಲೆ ಏನಾದ್ರೂ ಅನ್ನಲಿ.” ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು. “ಈ ಕೈ ಬಿಟ್ರೆ ನನ್ನ ಹತ್ರ ಇನ್ನೇನಿದೆ ಹೇಳು.”

ಆ ಸಂಜೆ ಪಂಕಜಾ ಗಿರಮಿಟ್ಟಿನ ಡಬ್ಬಿ ವಾಪಸ್ ಕೊಡುವ ನೆಪದಲ್ಲಿ ಸ್ಪೂರ್ತಿಯನ್ನು ಅಡುಗೆಮನೆಗೆ ಕರೆದರು. ಒಲೆಯ ಮೇಲೆ ಕಾಫಿಗೆ ಹಾಲು ಕಾಯುತ್ತಿತ್ತು. ಸ್ಪೂರ್ತಿಗೆ ಲೋಟ ತುಂಬ ಕೊಟ್ಟು, ನಾಣಿಯ ಲೋಟಕ್ಕೆ ಅರ್ಧ ಬಗ್ಗಿಸಿ, ಬಾಲ್ಕನಿಗೆ ಕೊಟ್ಟು ಬಂದರು. ಐದು ನಿಮಿಷ ಬಿಟ್ಟು ಅದೇ ಲೋಟಕ್ಕೆ ಇನ್ನರ್ಧ.

“ಒಂದೇ ಸಲ ಕೊಡಬಾರದಾ ಆಂಟಿ?”

“ತುಂಬ ಕೊಟ್ರೆ ತುಳುಕುತ್ತೆ. ತುಳುಕಿದ್ರೆ ಅವರು ನಾನು ನೋಡಿದ್ನಾ ಅಂತ ನನ್ನ ಮುಖ ನೋಡ್ತಾರೆ. ನನಗೆ ಆ ನೋಟ ಆಗಲ್ಲ ಕಣಮ್ಮ.”

ಸ್ಪೂರ್ತಿಯ ಕೈಯಲ್ಲಿದ್ದ ಕಾಫಿ ಹಾಗೇ ಉಳಿಯಿತು. “ನಿಮಗ ಗೊತ್ತೈತಾ?” ಗಾಬರಿಯಾದಾಗ ಅವಳ ಹಾವೇರಿ ಮಾತು ತಾನಾಗಿ ಹೊರಬರುತ್ತದೆ.

“ಮೂವತ್ತೆರಡು ವರ್ಷ ಇನ್‌ಸ್ಪೆಕ್ಷನ್ ಮಾಡಿದೀನಿ. ಬಣ್ಣ ಅಷ್ಟು ದಪ್ಪ ಯಾಕಾಯ್ತು ಅಂತ ಗೊತ್ತಾಗಲ್ವಾ ನನಗೆ?”

“ಮತ್ತೆ ಕೇಳೋದಲ್ವಾ ನೀವು?”

ಪಂಕಜಾ ಒಲೆ ಆರಿಸಿದರು. “ಕಾರ್ಖಾನೇಲಿ ಒಂದು ಪದ್ಧತಿ ಇತ್ತು. ಜಾಬ್ ಕೆಟ್ಟಿದ್ರೆ ಮಾಡಿದವನೇ ಕೆಂಪು ಚೀಟಿ ಬರೆದು ಕಟ್ಟಿ ತಂದು ಇಡಬಹುದು. ಹಂಗೆ ತಂದವನನ್ನ ಯಾರೂ ಏನೂ ಅಂತಿರಲಿಲ್ಲ. ಗೊತ್ತಿದ್ದೂ ಮುಚ್ಚಿಟ್ಟು, ನಾನು ಹಿಡಿದೆ ಅಂದ್ರೆ ರಿಜಿಸ್ಟರಲ್ಲಿ ಅವನ ಹೆಸರು. ಒಂದು ಸಲ ಹೆಸರು ಬಿದ್ರೆ ಆ ಮನುಷ್ಯ ವರ್ಷಗಟ್ಟಲೆ ತಲೆ ಎತ್ತುತಿರಲಿಲ್ಲ. ಇವರ ಹೆಸರು ನಲವತ್ತಮೂರು ವರ್ಷ ಅದರಲ್ಲಿ ಬಿದ್ದಿಲ್ಲ. ಈಗ ನನ್ನ ಕೈಯಿಂದ ಬೀಳಬೇಕಾ?” ಸೆರಗಿನಿಂದ ಕಟ್ಟೆ ಒರೆಸಿದರು, ಬಟ್ಟೆ ಪಕ್ಕದಲ್ಲೇ ಇತ್ತು. “ಅವರಾಗಿ ಹೇಳಲಿ. ಆಯುಧಪೂಜೆ ತನಕ ಕಾಯ್ತೀನಿ. ಅದು ದಾಟಿದ್ರೆ ಡಾಕ್ಟರ ಹತ್ರ ಕೈ ಹಿಡಿದು ಎಳಕೊಂಡು ಹೋಗ್ತೀನಿ, ಮರ್ಯಾದೆ ಬೇಕಾದ್ರೆ ಹೋಗಲಿ. ನೀನು ಮಾತ್ರ ಹೇಳಬೇಡ.”

ಹೀಗೆ ಸ್ಪೂರ್ತಿ ಎರಡು ಕಡೆಯೂ ಮಾತು ಕೊಟ್ಟು ಬಂದಳು. ಬಂದವಳು ತನ್ನ ಕೈಲಾಗುವ ಕೆಲಸ ಮಾಡಿದಳು. ರಾಣೆಬೆನ್ನೂರಿನಲ್ಲಿದ್ದ ಅತ್ತೆ ಶರಣಮ್ಮನಿಗೆ ಫೋನ್ ಮಾಡಿ, ಎರಡು ವರ್ಷದ ಹಿಂದೆ ಅವರ ಕೈ ನಡುಗುತ್ತಿದ್ದಾಗ ನೋಡಿದ ನರದ ಡಾಕ್ಟರು ಏನೇನು ಹೇಳಿದ್ದರು ಎಂದು ಕೇಳಿದಳು. ವೀರೇಶನಿಂದ ಮಲ್ಲೇಶ್ವರದ ಒಬ್ಬ ಡಾಕ್ಟರ ನಂಬರು ತರಿಸಿಟ್ಟುಕೊಂಡಳು.

ಹಬ್ಬಕ್ಕೆ ಮೂರು ದಿನ ಉಳಿದಿತ್ತು. ಪಂಕಜಾ ಬೇಗೂರಿನಲ್ಲಿರುವ ಮಗಳು ಭಾವನಾಳ ಮನೆಗೆ ಹೋಗಿದ್ದರು, ಸಂಜೆಗೆ ಬರುವವರು. ಸ್ಪೂರ್ತಿ ಮೂರು ಗಂಟೆಗೆ ಹೋದಾಗ ಮೌಸ್‌ನ ಒಂದು ಚೈನು ಬಿಚ್ಚಿ ಮೇಜಿನ ಮೇಲೆ ಮಲಗಿತ್ತು. ಬಣ್ಣ ಕೆರೆದ ಕಡೆ ಹಿತ್ತಾಳೆ ಹೊಳೆಯುತ್ತಿತ್ತು. ನಾಣಿ ಅದನ್ನು ಮುಟ್ಟದೆ ಸುಮ್ಮನೆ ಕೂತಿದ್ದರು.

“ಎರಡು ದಿನಕ್ಕೆ ಹನ್ನೊಂದು ಕೊಂಡಿ” ಅಂದರು. “ಮೊದಲು ಒಂದು ಗಂಟೆಗೆ ನಲವತ್ತು ಮಾಡ್ತಿದ್ದೆ.”

ಸ್ಪೂರ್ತಿ ಸ್ಟೂಲ್ ಎಳೆದುಕೊಂಡಳು. “ನಮ್ಮತ್ತೆಗೂ ಹೀಗೇ ಇತ್ರೀ ಅಂಕಲ್. ರೊಟ್ಟಿ ತಟ್ಟೋಕೆ ಆಗ್ತಿರಲಿಲ್ಲ. ಕತ್ತಲೆ ಮನೇಲಿ ಕೂತು ಅಳ್ತಿದ್ರು. ಎಲ್ಲಾ ನಡುಕಾನೂ ಒಂದೇ ಅಲ್ವಂತೆ. ಅವರದ್ದು ಗುಳಿಗೆಗೆ ಬಗ್ಗಿತು, ಈಗ ತಟ್ತಾರೆ. ಮೊದಲಿನಷ್ಟು ತೆಳ್ಳಗೆ ಬರಲ್ಲ. ನಿಮ್ಮದು ಯಾವ ಥರದ್ದೋ ನನಗೆ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋದು ಒಳ್ಳೇದು.”

“ರೊಟ್ಟಿ ದಪ್ಪ ಆದ್ರೆ ತಿನ್ನಬಹುದು” ಅಂದರು ನಾಣಿ. ಆದರೆ ನಕ್ಕರು. ಮೇಜಿನ ಮೇಲಿನ ಚೈನನ್ನು ಪಕ್ಕಕ್ಕೆ ಸರಿಸಿ ಅವರೇ ಶುರು ಮಾಡಿದರು.

“ಒಂದು ವಿಷಯ ಕೇಳು. ಪಂಕಜಾ ನನಗೆ ಅರ್ಧ ಲೋಟ ಕಾಫಿ ಕೊಡ್ತಾಳೆ. ಸಕ್ಕರೆ ಕಮ್ಮಿ ಮಾಡೋಕೆ ಇರಬೇಕು ಅಂದ್ಕೊಂಡಿದ್ದೆ. ನಿನ್ನೆ ಕೂತು ಲೆಕ್ಕ ಹಾಕಿದೆ. ಅರ್ಧರ್ಧ ಎರಡು ಸಲ ಕೊಟ್ರೆ ಕಮ್ಮಿ ಎಲ್ಲಾಯ್ತು? ಅಷ್ಟೇ ಅಲ್ವಾ?”

ಸ್ಪೂರ್ತಿ ನೆಲ ನೋಡಿದಳು.

“ನೀನೇನೂ ಹೇಳಬೇಡ, ಅವಳು ಹೇಳಬೇಡ ಅಂದಿರ್ತಾಳೆ” ಅಂದರು ನಾಣಿ. “ಯಾವಾಗಿನಿಂದ ಅರ್ಧ ಅಂತ ನೆನಪು ಮಾಡ್ಕೊಂಡೆ. ಯುಗಾದಿ ಆಗಿ ಹದಿನೈದು ದಿನಕ್ಕೆ. ನನಗೇ ಇನ್ನೂ ಖಾತ್ರಿ ಆಗಿರಲಿಲ್ಲ, ಅವಳು ಹಿಡಿದಾಗಿತ್ತು. ಆರು ತಿಂಗಳಿಂದ ಹಿಡಿದಿಟ್ಟುಕೊಂಡು ರಿಜಿಸ್ಟರಿಗೆ ಬರೀದೇ ಕೂತಿದಾಳೆ.” ಅವರು ಟ್ಯಾಂಕಿನ ಕಡೆ ತಿರುಗಿದರು. “ಇಲಿ ಈ ವರ್ಷ ಮಣೆ ಮೇಲೆ ಕೂರಲ್ಲ. ಪರವಾಗಿಲ್ಲ, ಅದೇನು ಅವಸರದ ಟ್ಯಾಂಕಲ್ಲ.”

ಕೆಳಗೆ ಕೃಷ್ಣಪ್ಪ ಗೇಟು ತೆಗೆದ ಸದ್ದಾಯಿತು. ನಾಣಿ ಬಗ್ಗಿ ನೋಡಿದರು. ಪಂಕಜಾ ಅಲ್ಲ, ನೀರಿನ ಕ್ಯಾನಿನವರು. ಅವರು ಎದ್ದು ಬೀರುವಿನಲ್ಲಿದ್ದ ಪಂಕಜಾರ ಕಟ್ಟಿನಿಂದ ಒಂದು ಚೀಟಿ ಕಿತ್ತು ತಂದರು. ಕೆಂಪು ಮಾಸಿ ಗುಲಾಬಿಯಾಗಿತ್ತು, ತಲೆಯಲ್ಲಿ ದಾರ ಪೋಣಿಸುವ ತೂತು. ಅದನ್ನು ಸ್ಪೂರ್ತಿಯ ಮುಂದಿಟ್ಟು, ಪಕ್ಕದಲ್ಲಿ ಪೆನ್ನಿಟ್ಟರು.

“ನಿನ್ನ ಅಡುಗೆಮನೆ ಡಬ್ಬಿಗಳ ಮೇಲೆ ಸಾಸಿವೆ, ಮೆಂತ್ಯ ಅಂತೆಲ್ಲ ಸಣ್ಣಗೆ ಚೆನ್ನಾಗಿ ಬರೆದಿದೀಯ. ನನಗೊಂದು ಉಪಕಾರ ಮಾಡಮ್ಮ. ಈ ಚೀಟಿ ಬರೆದುಕೊಡು. ನಾನು ಬರೆದ್ರೆ ಅವಳಿಗೆ ಓದೋಕಾಗಲ್ಲ.”

ಸ್ಪೂರ್ತಿ ಪೆನ್ನು ತೆಗೆದುಕೊಂಡಳು. ಅವರು ಒಂದೊಂದೇ ಹೇಳಿದರು, ಅವಳು ಬರೆದಳು. ಜಾಬ್, ಬಲಗೈ. ದೋಷ, ನಡುಕ. ಎಂದಿನಿಂದ, ಯುಗಾದಿ. ಟೋಕನ್ ನಂಬರು, ಎರಡು ಸಾವಿರದ ಮುನ್ನೂರ ಹದಿನಾರು. ಕೊನೆಗೆ ಒಂದು ಖಾನೆ ಉಳಿಯಿತು. ಅದರಲ್ಲಿ ಎರಡು ಪದ ಅಚ್ಚಾಗಿದ್ದವು, ರಿಪೇರಿ ಮತ್ತು ಗುಜರಿ. ಒಂದನ್ನು ಹೊಡೆದುಹಾಕಬೇಕು. ಸ್ಪೂರ್ತಿ ಗುಜರಿಯ ಮೇಲೆ ಗೆರೆ ಎಳೆಯಲು ಹೋದಳು.

ನಾಣಿ ಎಡಗೈಯಿಂದ ಚೀಟಿಯನ್ನು ಮೆಲ್ಲಗೆ ಮುಚ್ಚಿದರು.

“ಅದೊಂದು ಖಾಲಿ ಬಿಡಮ್ಮ. ಅದನ್ನ ಇನ್‌ಸ್ಪೆಕ್ಷನ್‌ನವರೇ ಹೊಡೀಬೇಕು.”