ಮಲಗಿದ ಮುಖದ ಮೇಲೊಂದು ಬಟ್ಟೆ

ಮಗಳಿಗೆ ಐದು ತಿಂಗಳು ತುಂಬುವ ಮೊದಲೇ ನಾನು ಕೆಲಸಕ್ಕೆ ವಾಪಸಾದೆ. ಸಿದ್ದಾಪುರ ಪೇಟೆಯ ಸಣ್ಣದೊಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ಟೆಕ್ನಿಶಿಯನ್. ಗಂಡ ರಸ್ತೆ ಕಾಮಗಾರಿಯಲ್ಲಿ ರೋಲರ್ ಓಡಿಸುತ್ತಾರೆ. ಯಲ್ಲಾಪುರದ ಕಡೆ ಕೆಲಸ ನಡೆಯುತ್ತಿದ್ದಾಗ ವಾರಕ್ಕೆರಡು ಸಲವಾದರೂ ಮನೆಗೆ ಬರುತ್ತಿದ್ದರು. ಮಗು ಹುಟ್ಟಿ ಮೂರು ತಿಂಗಳಿಗೆ ಕಾಂಟ್ರಾಕ್ಟರನಿಗೆ ರಾಯಚೂರಿನ ಕಡೆ ರಸ್ತೆ ಸಿಕ್ಕಿತು, ರೋಲರಿನ ಜೊತೆ ಗಂಡನೂ ಹೋದರು. ನನ್ನ ತವರು ಬನವಾಸಿಯ ಆಚೆ. ಅಲ್ಲಿ ತಾಯಿ ಇಲ್ಲ. ಅತ್ತೆ ಇರುವುದು ಹಾವೇರಿಯ ಹತ್ತಿರ, ಹಿರಿಯ ಮಗನ ಮನೆಯಲ್ಲಿ. "ಇಲ್ಲಿಗೇ ಬಂದ್ಬಿಡವಾ, ಕೆಲಸ ಗಿಲಸ ಯಾಕ ಬೇಕ ನಿನಗ" ಎಂದರು. ನಾನು ಹೋಗಲಿಲ್ಲ. ನನಗೆ ಹಟ ಜಾಸ್ತಿ ಎಂಬ ಒಂದೇ ವಿಷಯದಲ್ಲಿ ತವರಿನವರಿಗೂ ಅತ್ತೆ ಮನೆಯವರಿಗೂ ಒಮ್ಮತವಿದೆ.

ಆದರೆ ಹಟಕ್ಕೆ ಮಗು ನೋಡಿಕೊಳ್ಳಲು ಬರುವುದಿಲ್ಲವಲ್ಲ. ಊರಲ್ಲಿ ಹಗಲು ಮಕ್ಕಳನ್ನು ಬಿಟ್ಟುಕೊಂಡು ನೋಡಿಕೊಳ್ಳುವ ಮನೆಗಳು ಮೂರ್ನಾಲ್ಕು ಇದ್ದವು. ಕೇಳಿದ ಕಡೆಯೆಲ್ಲ "ನಡೆಯೂಕೆ ಕಲೀಲಿ, ಆಮೇಲೆ ಕರ್ಕಂಡು ಬನ್ನಿ" ಎಂದರು. ಹಾಲು ಕುಡಿಯುವ ಮಗುವನ್ನು ಬಿಟ್ಟುಕೊಳ್ಳಲು ಒಪ್ಪಿದವರು ಒಬ್ಬರೇ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ, ಅರವತ್ತು ದಾಟಿದ ಹೆಂಗಸು. ಓಣಿಯವರೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮುಂದಿನ ಕೋಣೆಯಲ್ಲಿ ಓಡಾಡುವ ನಾಲ್ಕು ಮಕ್ಕಳು, ಒಳಗಿನ ಕೋಣೆಯಲ್ಲಿ ತೊಲೆಗೆ ಕಟ್ಟಿದ ಮರದ ತೊಟ್ಟಿಲು. ಮೊದಲ ದಿನವೇ ನಾನು ಶಾಲೆಯ ಮಾಸ್ತರರ ಹಾಗೆ ನಿಂತು ಪಾಠ ಹೇಳಿದೆ. ಚುಚ್ಚುಮದ್ದಿನ ದಿನ ನರ್ಸ್ ಹೇಳಿದ್ದು ನನಗೆ ಬಾಯಿಪಾಠವಾಗಿತ್ತು. ಅಂಗಾತ ಮಲಗಿಸಬೇಕು, ಬೋರಲು ಬೇಡ. ತಲೆದಿಂಬು ಬೇಡ. ಹಾಸಿಗೆ ಮೆತ್ತಗಿರಬಾರದು. ಮುಖದ ಮೇಲೆ ಬಟ್ಟೆಯ ಚೂರೂ ಬರಬಾರದು.

"ಅಡ್ಡಿಲ್ಲೆ" ಎಂದರು ದೊಡ್ಡಮ್ಮ. ತೊಟ್ಟಿಲಲ್ಲಿದ್ದ ಸಾಸಿವೆ ತುಂಬಿದ ಪುಟ್ಟ ದಿಂಬನ್ನು ನನ್ನೆದುರೇ ತೆಗೆದು ಕಪಾಟಿನ ಮೇಲಿಟ್ಟರು. "ತಲೆ ದುಂಡಗಾಗ್ಲಿ ಹೇಳಿ ಇಡ್ತಿದ್ದೆ. ನೀ ಬೇಡ ಹೇಳಿರೆ ಬೇಡ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ಅನುಮಾನ. ಮೂರನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೇಳದೆ ಕೇಳದೆ ಹೋದೆ. ಲ್ಯಾಬಿನಿಂದ ಎಂಟು ನಿಮಿಷದ ದಾರಿ. ಕಬ್ಬಿಣದ ಗೇಟು ತಳ್ಳಿ, ಮುಂದಿನ ಕೋಣೆ ದಾಟಿ, ಒಳಗೆ ನೋಡಿದರೆ ಮಗಳು ತೊಟ್ಟಿಲಲ್ಲಿ ಅಂಗಾತವೇ ಮಲಗಿದ್ದಳು. ಆದರೆ ಹಣೆಯಿಂದ ಎದೆಯವರೆಗೆ ಹಳೆಯ ಬಿಳಿ ಪಂಚೆಯ ತುಂಡೊಂದು ಹೊದೆಸಿತ್ತು. ಮೂಗಿನ ಜಾಗದಲ್ಲಿ ಬಟ್ಟೆ ಸಣ್ಣಗೆ ಏಳುತ್ತಿತ್ತು, ಇಳಿಯುತ್ತಿತ್ತು. ಬಟ್ಟೆ ಕಿತ್ತು ಎಸೆದೆ.

"ಯಾಕ್ರಿ ದೊಡ್ಡಮ್ಮ, ಮುಖದ ಮ್ಯಾಲೆ ಬಟ್ಟಿ ಹಾಕೀರಿ? ಉಸಿರು ಕಟ್ಟಿದ್ರ ಏನ್ ಮಾಡೂದು?"

"ನೊಣ ಬತ್ತು ತಂಗಿ" ಎಂದರು ಅವರು, ನನ್ನ ಮುಖ ನೋಡದೆ.

ಸರಿ, ನೊಣ ತಾನೇ ಎಂದು ಆ ಸಂಜೆಯೇ ಪೇಟೆಯಲ್ಲಿ ಛತ್ರಿಯ ಹಾಗೆ ಬಿಚ್ಚುವ ಸೊಳ್ಳೆಪರದೆ ತಂದೆ. ಗುಲಾಬಿ ಬಣ್ಣದ್ದು. ದೊಡ್ಡಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಚೆಂದ ಇದೆ ಎಂದು ತೊಟ್ಟಿಲಿಗೆ ಕೂರಿಸಿದರು. ಮರುದಿನ ಮಧ್ಯಾಹ್ನ ಹೋದರೆ ಪರದೆಯೂ ಇತ್ತು, ಪರದೆಯ ಒಳಗೆ ಮುಖದ ಮೇಲೆ ಬಟ್ಟೆಯೂ ಇತ್ತು. ಅವತ್ತು ಕೂಗಾಡಿದೆ. ಮುಂದಿನ ಕೋಣೆಯ ಮಕ್ಕಳು ಆಟ ಬಿಟ್ಟು ನನ್ನನ್ನೇ ನೋಡಿದವು. ದೊಡ್ಡಮ್ಮ ತಲೆ ತಗ್ಗಿಸಿ "ಆತು, ಆತು" ಎಂದರು. ಮರುದಿನ ಮತ್ತೆ ಬಟ್ಟೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು ನನ್ನ ಪಾಠ.

ಆಮೇಲೆ ನಾನು ಒಂದು ದಿನವೂ ತಪ್ಪಿಸಲಿಲ್ಲ. ಶಿರಸಿಗೆ ಕಳಿಸುವ ಸ್ಯಾಂಪಲ್ಲಿನ ಡಬ್ಬಿಯನ್ನು ಒಂದು ಗಂಟೆಯ ಬಸ್ಸಿಗೆ ಹಾಕಿದವಳೇ ಓಣಿಗೆ ಓಡುವುದು, ಬಟ್ಟೆ ತೆಗೆಯುವುದು, ಬೈಯುವುದು, ಓಡಿ ಬರುವುದು. ನಾನು ನೋಡುವ ಐದು ನಿಮಿಷದಲ್ಲೇ ಹೀಗಾದರೆ ಉಳಿದ ಹೊತ್ತು ಹೇಗಿರಬಹುದು ಎಂಬುದೇ ತಲೆಯಲ್ಲಿ. ನಿಲ್ಕುಂದದಿಂದ ಬಸ್ಸು ಹತ್ತಿ ಬಂದ ಅಜ್ಜಿಯ ತೋಳಿಗೆ ಪಟ್ಟಿ ಕಟ್ಟಿ ನರ ಹುಡುಕುವಾಗಲೂ ನನ್ನ ಕಣ್ಣಿಗೆ ಏಳುವ ಇಳಿಯುವ ಬಟ್ಟೆ ಕಾಣುತ್ತಿತ್ತು. ಲ್ಯಾಬಿನ ಇಬ್ಬರು ಹುಡುಗಿಯರು ಮಧ್ಯಾಹ್ನ ಡಬ್ಬಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತಿದ್ದರು. ಶುರುವಿನಲ್ಲಿ ನನ್ನನ್ನೂ ಕರೆದರು, ನನ್ನ "ಬರ್ರಿ, ಕುಂದರ್ರಿ" ಮಾತನ್ನು ಅಣಕಿಸಿ ನಕ್ಕರು, ಕೆಟ್ಟ ನಗೆಯೇನಲ್ಲ. ದಿನಾ ಓಡುವವಳನ್ನು ಎಷ್ಟು ದಿನ ಕರೆದಾರು? ಬೆಳಗಿನಿಂದ ಸಂಜೆವರೆಗೆ ಎಷ್ಟೋ ಜನರ ಕೈ ಹಿಡಿಯುತ್ತಿದ್ದೆ, ಆದರೆ ಮಗು ಹೇಗಿದೆ ಎಂದು ಕೇಳುವವರು ಆ ಊರಲ್ಲಿ ನನಗೆ ಯಾರೂ ಇರಲಿಲ್ಲ. ಅಷ್ಟು ಒಂಟಿತನ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಗಂಡನಿಗೆ ಫೋನಿನಲ್ಲಿ ಹೇಳಿದೆ. "ಬ್ಯಾರೆ ಕಡೆ ಬಿಡು" ಎಂದರು. ಬೇರೆ ಕಡೆ ಎಲ್ಲಿದೆ ಎಂದು ಅವರೂ ಹೇಳಲಿಲ್ಲ. ಒಂದು ಭಾನುವಾರ ಮಗುವನ್ನು ಕಟ್ಟಿಕೊಂಡು ಶಿರಸಿಗೆ ಹೋಗಿ ಅಲ್ಲಿ ಮಕ್ಕಳನ್ನು ಬಿಡುವ ಒಂದು ಜಾಗ ನೋಡಿ ಬಂದೆ. ಗೋಡೆಗೆ ಕ್ಯಾಮೆರಾ ಇತ್ತು, ತಾಯಂದಿರು ಮೊಬೈಲಿನಲ್ಲೇ ಮಗುವನ್ನು ನೋಡಬಹುದು ಎಂದರು. ಆಸೆಯಾಯಿತು. ಆದರೆ ಮಗುವನ್ನು ಅಲ್ಲಿಗೆ ಮುಟ್ಟಿಸಿ ನಾನು ಸಿದ್ದಾಪುರಕ್ಕೆ ಮರಳುವಷ್ಟರಲ್ಲಿ ಲ್ಯಾಬಿನ ಅರ್ಧ ದಿನ ಮುಗಿದಿರುತ್ತಿತ್ತು. ಸೋಮವಾರ ಮತ್ತೆ ದೊಡ್ಡಮ್ಮನ ಗೇಟಿಗೇ ಹೋದೆ.

ಏಪ್ರಿಲ್ ತಿಂಗಳಿರಬೇಕು. ನೀರಿನ ಪೈಪು ಹಾಕಲು ಓಣಿಯ ಬಾಯನ್ನು ಅಗೆದು ಹಾಕಿದ್ದರು. ಪಕ್ಕದ ಮನೆಯವರ ಹಿತ್ತಲಿನಿಂದ ದಾರಿ ಇದೆ ಎಂದು ಕೆಲಸದವನೊಬ್ಬ ತೋರಿಸಿದ. ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಬಗ್ಗಿ ಹೋದೆ. ದೊಡ್ಡಮ್ಮನ ಮನೆಯ ಒಳಗಿನ ಕೋಣೆಯ ಕಿಟಕಿ ಹಿತ್ತಲಿಗೇ ತೆರೆಯುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಕಿಟಕಿಯಲ್ಲಿ ಇಣುಕಿದೆ. ಮಗಳು ಅಂಗಾತ ಮಲಗಿದ್ದಳು. ಮುಖದ ಮೇಲೆ ಏನೂ ಇರಲಿಲ್ಲ. ಬಾಯಿ ಅರ್ಧ ತೆರೆದಿತ್ತು, ಒಂದು ಕೈ ಕಿವಿಯ ಹತ್ತಿರ. ದೊಡ್ಡಮ್ಮ ತೊಟ್ಟಿಲಿಗೆ ಬೆನ್ನು ಮಾಡಿ ಮಣೆಯ ಮೇಲೆ ಕೂತಿದ್ದರು. ಎಡಗೈಯನ್ನು ಹಿಂದಕ್ಕೆ ಚಾಚಿ ಪರದೆಯ ಕೆಳಗೆ ತೂರಿಸಿ ಮಗುವಿನ ಹೊಟ್ಟೆಯ ಮೇಲಿಟ್ಟಿದ್ದರು. ಬೇರೆ ಕೆಲಸ ಏನೂ ಮಾಡುತ್ತಿರಲಿಲ್ಲ, ಮುಂದಿನ ಕೋಣೆಯ ಮಕ್ಕಳ ಕಡೆ ಕಣ್ಣಿಟ್ಟು ಸುಮ್ಮನೆ ಕೂತಿದ್ದರು.

ಅಷ್ಟರಲ್ಲಿ ಮುಂದಿನ ಗೇಟು ಕಿರ್ರೆಂದಿತು. ಓಣಿಯ ಇನ್ನೊಂದು ತುದಿಯಿಂದ ಬಂದ ಸಿಲಿಂಡರಿನವನು ಇರಬೇಕು, ಹೊರಗೆ ಕಬ್ಬಿಣದ ಸದ್ದಾಯಿತು. ದೊಡ್ಡಮ್ಮ ಮಣೆಯಿಂದ ಎದ್ದವರೇ ಸೊಂಟದಲ್ಲಿ ಸಿಕ್ಕಿಸಿದ್ದ ಬಿಳಿ ಬಟ್ಟೆ ಎಳೆದು ಮಗುವಿನ ಮುಖದ ಮೇಲೆ ಹಾಕಿ ಹೊರಗೆ ಹೋದರು. ಆತ ಹೋದ ಮೇಲೆ ವಾಪಸು ಬಂದು, ಮೊದಲು ಬಟ್ಟೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆನ್ನು ತಿರುಗಿಸಿ ಕೂತು, ಮತ್ತೆ ಕೈಯನ್ನು ಹೊಟ್ಟೆಯ ಮೇಲಿಟ್ಟರು.

ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ನನ್ನನ್ನು ಕಂಡು ಗಾಬರಿಯಾಗಿ ಅವರ ಕೈ ಮತ್ತೆ ಸೊಂಟಕ್ಕೆ ಹೋಯಿತು. ನಾನು ಆ ಕೈ ಹಿಡಿದುಕೊಂಡೆ.

"ಯಾರರ ಬಂದಾಗಷ್ಟ ಮುಚ್ಚತೀರೇನ್ರಿ?"

"ಮತ್ತೆ? ಮಲಗಿದ ಕೂಸಿನ ನೋಡ್ಲಾಗ. ಕಣ್ಣು ತಾಗ್ತು."

"ನಾ ತಾಯಿ ಅದೀನ್ರಿ. ಹೊರಗಿನಾಕಿ ಅಲ್ಲ."

"ಹೆತ್ತವಳ ಕಣ್ಣೇ ಮೊದ್ಲು ತಾಗ್ತು, ತಂಗಿ."

ಈ ಮಾತನ್ನು ನಾನು ಕೇಳದವಳೇನಲ್ಲ. ನಮ್ಮ ಕಡೆಯೂ ಹೇಳುತ್ತಾರೆ, ನಾನು ನಕ್ಕು ಬಿಟ್ಟಿದ್ದೆ. ಅವತ್ತು ನಗಲು ಆಗಲಿಲ್ಲ, ಸಿಟ್ಟು ಬಂತು. ಎರಡು ತಿಂಗಳು ಹೊಟ್ಟೆಗಿಲ್ಲದೆ ಓಡಿ ಬಂದವಳು ನಾನು, ನನ್ನ ಕಣ್ಣೇ ಕೆಟ್ಟದ್ದೇ? ಹಾಗೆಂದೇ ಕೇಳಿದೆ. ದೊಡ್ಡಮ್ಮ ತೊಟ್ಟಿಲಿನ ಕಡೆ ತಿರುಗದೆಯೇ ಹೇಳಿದರು.

"ಆನು ನೋಡಿದ್ದೆ. ನನ್ನ ಮೊದಲ್ನೇ ಮಾಣಿ. ಆರು ತಿಂಗಳು. ಊಟ ಆದ ಮೇಲೆ ಮಲಗಿದ್ದ. ಎಷ್ಟು ಚೆಂದ ಇದ್ದ ಹೇಳಿ ನೋಡ್ತಾ ಕೂತಿದ್ದೆ. ಮತ್ತೆ ಬಟ್ಟೆ ತೊಳ್ಯಲೆ ಹೋದೆ. ಬಂದು ಮುಟ್ಟಿರೆ ಉಸಿರೇ ಇಲ್ಲೆ."

ಬಟ್ಟೆ ಒಗೆದು ಬರುವಷ್ಟು ಹೊತ್ತು. ಮಗು ನಿದ್ದೆಯಲ್ಲೇ ಹೋಗಿಬಿಡುವುದು, ನಾನು ಮೊಬೈಲಿನಲ್ಲಿ ಓದಿ ಓದಿ ಹೆದರಿಕೊಂಡಿದ್ದ ವಿಷಯ, ಅವರ ಮನೆಯಲ್ಲೇ ಆಗಿಹೋಗಿತ್ತು. ನಲವತ್ತು ವರ್ಷ ಅವರು ಅದನ್ನು ತಮ್ಮ ಕಣ್ಣಿನ ಮೇಲೇ ಹೊರಿಸಿಕೊಂಡಿದ್ದರು. ನನಗೆ ಅಳು ಬಂತು. "ನೋಡಿದ್ದಕ್ಕ ಹಂಗ ಆಗೂದಿಲ್ರಿ" ಎಂದೆ.

"ಹಂಗಾರೆ ಎಂತಕ್ಕಾತು? ನಿಂಗೆ ಗೊತ್ತಿದ್ದಾ?"

ದಿನವಿಡೀ ಕಾಗದದ ಮೇಲೆ ಜನರ ರೋಗದ ಕಾರಣ ಅಚ್ಚು ಹಾಕಿ ಕೊಡುವವಳು ನಾನು. ಗೊತ್ತಿಲ್ಲ ಎಂದೆ.

ಹಾಗೆ ನಮ್ಮಿಬ್ಬರಲ್ಲಿ ಒಪ್ಪಂದವಾಯಿತು. "ನೀ ಬರೂದು ಬೇಡ. ನೀ ಬರದೇ ಇದ್ರೆ ಆನು ಮುಚ್ಚತ್ನಿಲ್ಲೆ" ಎಂದರು. ಬೇರೆಯವರು ಬಂದರೆ? ಬಂದರೆ ಮುಚ್ಚುತ್ತಾರೆ, ಅದಕ್ಕೆ ಉಪಾಯವಿಲ್ಲ. ಕೂಸನ್ನು ಕಳಕೊಂಡವರ ಭಯಕ್ಕೆ ನನ್ನ ನರ್ಸಿನ ಪಾಠ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಬಟ್ಟೆ ಬೀಳದಂತೆ ಕಾಯುತ್ತೇನೆಂದು ಓಡಿದ ನಾನೇ ದಿನಾ ಆ ಬಟ್ಟೆ ಬೀಳಿಸುತ್ತಿದ್ದೆ. ಬೇರೆ ಯಾರು ಬರದಿದ್ದರೂ ನಾನಂತೂ ತಪ್ಪದೆ ಬರುತ್ತಿದ್ದೆನಲ್ಲ.

ಎರಡು ದಿನ ಲ್ಯಾಬಿನಲ್ಲೇ ಕೂತೆ. ಹುಡುಗಿಯರು ಆಶ್ಚರ್ಯದಿಂದ ಜಾಗ ಬಿಟ್ಟುಕೊಟ್ಟರು, ಒಬ್ಬಳು ಹಲಸಿನ ಹಪ್ಪಳ ಕೊಟ್ಟಳು. ಅದನ್ನು ಕೈಯಲ್ಲೇ ಹಿಡಿದು ಗಡಿಯಾರ ನೋಡುತ್ತ ಕೂತೆ. ಮೂರನೇ ದಿನ ಮತ್ತೆ ಓಣಿಗೆ ಹೋದೆ. ಗೇಟಿನವರೆಗೆ ಹೋಗಲಿಲ್ಲ, ಹತ್ತು ಹೆಜ್ಜೆ ಈಚೆ, ಮುಚ್ಚಿದ ಸೈಕಲ್ ಅಂಗಡಿಯ ತಗಡಿನ ನೆರಳಲ್ಲಿ ನಿಂತೆ. ಒಳಗೆ ಮಗಳು ಮುಖ ತೆರೆದು ಮಲಗಿರುತ್ತಾಳೆ, ಬೆನ್ನು ತಿರುಗಿಸಿದ ಹೆಂಗಸಿನ ಕೈ ಅವಳ ಹೊಟ್ಟೆಯ ಮೇಲಿರುತ್ತದೆ ಎಂದು ಅಂದುಕೊಳ್ಳುತ್ತ ಇಪ್ಪತ್ತು ನಿಮಿಷ ನಿಂತು ಹಿಂತಿರುಗಿದೆ. ಅದೇ ರೂಢಿಯಾಯಿತು. ಕೊರಿಯರಿನವನು ಬಂದರೆ ತಡೆದು, ಎರಡು ಗಂಟೆಯ ಮೇಲೆ ಬಾರಪ್ಪಾ ಎನ್ನುತ್ತಿದ್ದೆ. ಅಗರಬತ್ತಿ ಮಾರುವವಳನ್ನು ಮುಂದಿನ ಓಣಿಗೆ ಕಳಿಸುತ್ತಿದ್ದೆ. ಓಣಿಯವರು ಮೊದಮೊದಲು ಯಾರನ್ನು ಕಾಯುತ್ತಿದ್ದೀರಿ ಎಂದು ಕೇಳಿದರು, ಆಮೇಲೆ ಇವಳಿಗೆ ತಲೆ ಸರಿಯಿಲ್ಲ ಎಂದು ಬಿಟ್ಟುಬಿಟ್ಟರು. ಪರದೇಶಿ ಅನ್ನುವ ಮಾತಿನ ಅರ್ಥ ನನಗೆ ಆ ತಗಡಿನ ಕೆಳಗೆ ತಿಳಿಯಿತು.

ಜೂನ್ ಹೊತ್ತಿಗೆ ದೊಡ್ಡಮ್ಮ ಇನ್ನೊಂದು ಮಗುವನ್ನು ಬಿಟ್ಟುಕೊಂಡರು, ನಾಲ್ಕು ತಿಂಗಳಿನ ಗಂಡು. ಅದರ ತಾಯಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಹುಡುಗಿ. ಬೆಳಿಗ್ಗೆ ಗೇಟಿನಲ್ಲಿ ಒಂದೆರಡು ಸಲ ಕಂಡಿದ್ದೆ, ಮಾತಾಡಿರಲಿಲ್ಲ. ಅವಳು ಒಂದು ಮಧ್ಯಾಹ್ನ ಓಣಿಯ ತಿರುವಿನಲ್ಲಿ ಕಾಣಿಸಿಕೊಂಡಳು. ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದಳು. ಆ ಓಟ ನನಗೆ ಗೊತ್ತು. ನಾನು ಅಡ್ಡ ಹೋಗಿ ನಿಂತೆ.

"ಈಗ ಹೋಗಬ್ಯಾಡ್ರಿ. ಮಲಗ್ಯಾವು. ನೀವು ಹೋದ್ರ ಮುಖಾ ಮುಚ್ಚತಾರ."

ಅವಳು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. "ಎಂತದು ಮಾರಾಯ್ರೆ? ನನ್ನ ಮಗು ಅದು, ನಾನು ನೋಡ್ಬೇಕು" ಎಂದು ನನ್ನ ಕೈ ಸರಿಸಿದಳು. ಸರಿದು ನಿಂತೆ. ಗೇಟು ಕಿರ್ರೆಂದಿತು. ಒಳಗೆ ಈಗ ಎರಡು ಮುಖಗಳ ಮೇಲೆ ಎರಡು ಬಟ್ಟೆ ಎಂದು ಗೊತ್ತಿದ್ದೂ ನಿಂತೇ ಇದ್ದೆ. ಅವಳ ದನಿ ಜೋರಾಗಿದ್ದು, ದೊಡ್ಡಮ್ಮನ "ಆತು, ಆತು" ಎರಡೂ ಕೇಳಿಸಿದವು.

ಸ್ವಲ್ಪ ಹೊತ್ತಿಗೆ ಅವಳು ಹೊರಗೆ ಬಂದಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. ನೇರ ನನ್ನ ಹತ್ತಿರ ಬಂದು ತೋಳು ಹಿಡಿದುಕೊಂಡಳು.

"ಮುಖದ ಮೇಲೆ ಬಟ್ಟೆ ಹಾಕಿದಾರೆ ಅಕ್ಕಾ. ನಿಮ್ಮ ಮಗೂಗೂ ಹಾಕಿದಾರೆ. ನಾನು ಈಗ ಎಂತ ಮಾಡ್ಲಿ?"

"ಈಗ ತಗದಿರತಾರ" ಎಂದೆ. "ನೀವು ಹೊರಗ ಬಂದ್ರಲ್ಲ."