ಮಲ್ಲಪ್ಪನ ಲೈಸೆನ್ಸಿನ ಕೊನೆಯ ಪ್ರಶ್ನೆ

ಮಧ್ಯಾಹ್ನ ಮೂರು ಗಂಟೆ. ಗೆಳತಿಯರೇ, ನನ್ನ ಮೈದುನ ಮಲ್ಲಪ್ಪ ಪಾಸಾದ! ಟೆಂಪೊದಲ್ಲಿ ನಿಂಬೆಹಣ್ಣಿನ ಚೀಲಗಳ ಮೇಲೆ ಊರವರನ್ನು ಕೂರಿಸಿಕೊಂಡು ಹೋಗಿ ಲೈಸೆನ್ಸ್ ಅಮಾನತಾಗಿತ್ತು. ಮೊಬೈಲಿನಲ್ಲಿ ಸುರಕ್ಷತಾ ಪಾಠ ಓದಿ, ಅದರ ಪರೀಕ್ಷೆ ಪಾಸಾದರಷ್ಟೇ ವಾಪಸ್. ನಮ್ಮನೆಯವರು ತೀರಿಕೊಂಡ ಮೇಲೆ ಅವರ ಟೆಂಪೊ ಓಡಿಸಲು ಇವನೊಬ್ಬನೇ.

ಕೊನೆಯ ಪ್ರಶ್ನೆ: ಸರಕು ವಾಹನದಲ್ಲಿ ಜನರನ್ನು ಕೂರಿಸಬಹುದೇ? ಮಲ್ಲಪ್ಪನ ಬೆರಳು ‘ಹೌದು’ ಕಡೆ ಹೊರಟಿತು.

“ಏ, ಅದಕ್ಕ ಅಲ್ಲೇನೋ ಲೈಸೆನ್ಸ್ ಹೋಗಿದ್ದು!” ಎಂದೆ.

“ವೈನಿ, ಅವರೆಲ್ಲಾ ನಮ್ಮ ಮಂದೀರಿ. ಹೆಂಗ ಬ್ಯಾಡ ಅನ್ನೂದು?”

“ಒತ್ತೋ ‘ಇಲ್ಲ’ ಅಂತ!”

ಒತ್ತಿದ. ಪಾಸು! ನಮ್ಮನೆಯವರು ಹೋದ ಮೇಲೆ ನಾನು ಇಷ್ಟು ಜೋರಾಗಿ ಕೂಗಿದ್ದು ಇವತ್ತೇ.

ಕೂಗು ಕೇಳಿ ಪಕ್ಕದ ಮನೆಯ ಗಂಗವ್ವ ಓಡಿ ಬಂದಳು. “ಪಾಸಾದೇನೋ? ಚಲೋ ಆತು. ನಾಳೆ ಇಂಡಿಗೆ ಹೋಗೂದೈತಿ, ಚೀಲದ ಮ್ಯಾಲೆ ನನಗೊಂದೀಟು ಜಾಗಾ ಇಡು.”

ಮಲ್ಲಪ್ಪ ನನ್ನ ಮುಖ ನೋಡಿದ.

ನಾಳೆ ಟೆಂಪೊ ಆರಕ್ಕೆ ಹೊರಡುತ್ತದೆ. ಗಂಗವ್ವ ಹೋಗುವ ಬಸ್ಸು ಏಳಕ್ಕೆ.